ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತುವುದು: ಬಸ್ಸಿನಲ್ಲಿ ಹೋಗಿ ಕೆರೆ ಸುತ್ತಿದ ನನ್ನ ಅನುಭವ

ನನಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ಮನೆಯಲ್ಲಿ ಕಾರಿಲ್ಲ. ಆದರೂ ಮೈಸೂರಿನ ಸುತ್ತಮುತ್ತಲ ಕೆರೆಗಳನ್ನು ನಾಲ್ಕು ವರ್ಷದಿಂದ ಸುತ್ತುತ್ತಿದ್ದೇನೆ. ಜೊತೆಗೆ ನಮ್ಮ ಅತ್ತಿಗೆ ಬರುತ್ತಾರೆ. ಅವರಿಗೆ ಈಗ 63. ಮಂಡಿ ನೋವು ಇರುವುದರಿಂದ ಬೆಟ್ಟ ಹತ್ತುವುದು ಆಗುವುದಿಲ್ಲ. ಆದರೆ ಮಟ್ಟಸವಾದ ದಾರಿ ಸಿಕ್ಕಿದರೆ ಎರಡು ಗಂಟೆ ಆರಾಮಾಗಿ ನಡೆಯುತ್ತಾರೆ. ಕೆರೆ ಏರಿಗಿಂತ ಮಟ್ಟಸವಾದ ದಾರಿ ಇನ್ನೆಲ್ಲಿ ಸಿಗುತ್ತದೆ?

ಗಾಡಿ ಇಲ್ಲದ್ದು ಕೊರತೆ ಅಂತ ಮೊದಮೊದಲು ನನಗೂ ಅನ್ನಿಸುತ್ತಿತ್ತು. ಹೋಗುತ್ತಾ ಹೋಗುತ್ತಾ ಅದೇ ಅನುಕೂಲ ಅಂತ ಗೊತ್ತಾಯಿತು. ಗಾಡಿಯಲ್ಲಿ ಹೋದವರು ಗಾಡಿ ನಿಲ್ಲಿಸಿದ ಜಾಗಕ್ಕೇ ತಿರುಗಿ ಬರಬೇಕು. ನಮಗೆ ಆ ಕಟ್ಟಿಲ್ಲ. ಕೆರೆಯ ಒಂದು ಕಡೆ ಇಳಿದು, ಇನ್ನೊಂದು ಕಡೆ ರಸ್ತೆಗೆ ಬಂದು ಬಸ್ ಹತ್ತಿದರಾಯಿತು. ಅತ್ತಿಗೆಗೆ ಸುಸ್ತಾದರೆ ಅರ್ಧಕ್ಕೇ ಹೊರಗೆ ಬರಬಹುದು. ಬಂದ ದಾರಿಯನ್ನೇ ಮತ್ತೆ ತುಳಿಯಬೇಕಾಗಿಲ್ಲ.

ಇದು ನಮಗೆ ಚೆನ್ನಾಗಿ ಕೂಡಿ ಬಂದದ್ದು ಕುಕ್ಕರಹಳ್ಳಿ ಕೆರೆಯಲ್ಲಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಇದು. ಊರಾಚೆಯ ಹೊಲಗದ್ದೆಗೆ ನೀರು ಕೊಡಲು ಕಟ್ಟಿದ್ದು, ಈಗ ಊರಿನ ನಡುವೆಯೇ ಇದೆ. ಕುವೆಂಪು ಅವರು ತಿರುಗಾಡಿದ ದಂಡೆ ಅಂತ ನಮ್ಮ ಅತ್ತಿಗೆಗೆ ಇದರ ಮೇಲೆ ಪ್ರೀತಿ ಜಾಸ್ತಿ. ಸಿಟಿ ಬಸ್‌ಸ್ಟ್ಯಾಂಡಿನಿಂದ ಹುಣಸೂರು ರಸ್ತೆ ಕಡೆ ಹೋಗುವ ಬಸ್ ಹತ್ತಿ ಕಲಾಮಂದಿರದ ಹತ್ತಿರ ಇಳಿಯುತ್ತೇವೆ. ಕೆರೆ ಸುತ್ತಿ ಮಾನಸಗಂಗೋತ್ರಿ ಕಡೆಯಿಂದ ಹೊರಗೆ ಬರುತ್ತೇವೆ. ಅಲ್ಲಿ ವಿಶ್ವವಿದ್ಯಾನಿಲಯದ ಮರಗಳ ನೆರಳಿನಲ್ಲಿ ಇನ್ನೊಂದಿಷ್ಟು ನಡೆದು ವಾಪಸ್ ಬಸ್ ಹತ್ತುತ್ತೇವೆ.

ಬೆಳಿಗ್ಗೆ ಈ ದಿಕ್ಕಿನಲ್ಲೇ ಹೋಗಲು ಕಾರಣ ಇದೆ. ಕಲಾಮಂದಿರ ಇರುವುದು ಕೆರೆಯ ಪೂರ್ವದ ಕಡೆ. ಅಲ್ಲಿಂದ ಹೊರಟರೆ ಬಿಸಿಲು ಬೆನ್ನಿಗೆ ಇರುತ್ತದೆ, ಹಕ್ಕಿಗಳ ಮೇಲೆ ಬೆಳಕು ಬೀಳುತ್ತದೆ. ಎದುರು ಬಿಸಿಲಿನಲ್ಲಿ ನೋಡಿದರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ. ಬೆನ್ನಿಗೆ ಬಿಸಿಲು ಇಟ್ಟುಕೊಂಡು ನಡೆದಾಗಲೇ ನಾನು ಹೆಜ್ಜಾರ್ಲೆಯ ಕೊಕ್ಕಿನ ಮೇಲಿನ ಚುಕ್ಕೆಗಳನ್ನು ಮೊದಲ ಸಲ ನೋಡಿದ್ದು. ಕೆರೆಯ ನಡುವಿನ ನಡುಗಡ್ಡೆಯ ಮರಗಳಲ್ಲಿ ಅವು ದೊಡ್ಡ ದೊಡ್ಡ ಬೂದು ಗಂಟುಗಳ ಹಾಗೆ ಕೂತಿರುತ್ತವೆ. ಒಂದು ಎದ್ದು ರೆಕ್ಕೆ ಬಿಚ್ಚಿದರೆ ಅತ್ತಿಗೆ ನಿಂತುಬಿಡುತ್ತಾರೆ. "ಇಷ್ಟು ಭಾರ ಹೊತ್ತುಕೊಂಡು ಹೇಗೆ ಹಾರುತ್ತೆ ನೋಡೇ" ಅನ್ನುತ್ತಾರೆ, ಪ್ರತಿ ಸಲವೂ. ನೀರುಕಾಗೆಗಳು ಒಣಗಿದ ಕೊಂಬೆ ಮೇಲೆ ರೆಕ್ಕೆ ಹರಡಿಕೊಂಡು ಮೈ ಕಾಯಿಸುತ್ತಿರುತ್ತವೆ. ಗುಳುಮುಳುಕ ಕಣ್ಣೆದುರೇ ಮುಳುಗಿ ಇನ್ನೆಲ್ಲೋ ಏಳುತ್ತದೆ. ಪೂರ್ತಿ ಸುತ್ತು ನಾಲ್ಕೈದು ಕಿಲೋಮೀಟರ್ ಆದೀತು. ನಿಂತು ನಿಂತು ನೋಡುತ್ತಾ ಹೋಗುವ ನಮಗೆ ಎರಡು ಗಂಟೆ ಬೇಕು.

ಲಿಂಗಾಂಬುಧಿ ಕೆರೆಗೆ ಶ್ರೀರಾಂಪುರದ ಬಸ್. ಇದೂ ಮುಮ್ಮಡಿಯವರ ಕಾಲದ್ದೇ, 1828ರದ್ದು. ರಾಣಿ ಲಿಂಗಾಜಮ್ಮಣ್ಣಿ ಅವರ ಹೆಸರಿನ ಕೆರೆ. ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ದಾರಿ ಮಣ್ಣಿನದು, ಮಂಡಿಗೆ ಹಿತ. ಕುಕ್ಕರಹಳ್ಳಿಯಷ್ಟು ಜನ ಇರುವುದಿಲ್ಲ, ಅದಕ್ಕೇ ಒಬ್ಬರೇ ಹೋಗುವುದಕ್ಕಿಂತ ಜೊತೆ ಇದ್ದರೆ ಒಳ್ಳೆಯದು. ಜೊಂಡಿನ ನಡುವೆ ನೇರಳೆ ಬಣ್ಣದ ಜಂಬುಕೋಳಿಗಳನ್ನು ಇಲ್ಲಿ ನೋಡಿದಷ್ಟು ಹತ್ತಿರದಿಂದ ನಾನು ಬೇರೆಲ್ಲೂ ನೋಡಿಲ್ಲ.

ಕಾರಂಜಿ ಕೆರೆ ಮೃಗಾಲಯದ ಪಕ್ಕದಲ್ಲೇ ಇದೆ, ಬಸ್ಸಿಗೆ ಬರವಿಲ್ಲ. ಟಿಕೆಟ್ ಇದೆ, ಮಂಗಳವಾರ ರಜೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದೇ ಸರಿ. ದೊಡ್ಡ ಪಂಜರದ ಒಳಗೇ ನಡೆದುಕೊಂಡು ಹೋಗುವ ಪಕ್ಷಿಧಾಮ ಇದೆ, ನವಿಲು ಕಾಲ ಬಳಿಯೇ ಓಡಾಡುತ್ತದೆ.

ಆದರೆ ನನ್ನ ಮನಸ್ಸು ಹಿಡಿದಿಟ್ಟಿರುವುದು ತೊಣ್ಣೂರು ಕೆರೆ. ಅಲ್ಲಿಗೆ ಹೋದಾಗಲೇ ನನಗೆ ಬಸ್ಸಿನ ಪಾಠ ಆದದ್ದೂ.

ಮೈಸೂರಿನಿಂದ ಶ್ರೀರಂಗಪಟ್ಟಣದ ಮೇಲೆ ಪಾಂಡವಪುರಕ್ಕೆ ಬಸ್. ಅಲ್ಲಿಂದ ಕೆರೆ ತೊಣ್ಣೂರಿಗೆ ಇನ್ನೊಂದು ಬಸ್. ಎರಡನೆಯದೇ ಕಷ್ಟ, ಸಂಖ್ಯೆ ಕಡಿಮೆ. ನಾವು ಮೊದಲ ಸಲ ಹೋದದ್ದು ಭಾನುವಾರ. ಊರಲ್ಲಿ ಇಳಿದು, ವಾಪಸ್ ಬಸ್ ಎಷ್ಟೊತ್ತಿಗೆ ಅಂತ ಅಲ್ಲಿದ್ದವರನ್ನು ಕೇಳಿದೆವು. ಸಂಜೆ ಒಂದಿದೆ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಶಾಲೆ ಕಾಲೇಜಿನ ಮಕ್ಕಳಿಗಾಗಿ ಬರುವ ಬಸ್, ಭಾನುವಾರ ಬರುವುದಿಲ್ಲ. ನಮಗೆ ಅದು ಗೊತ್ತಾದದ್ದು ಕತ್ತಲಾಗುವಾಗ. ಅತ್ತಿಗೆ ಮಂಡಿ ಹಿಡಿದುಕೊಂಡು ಕಟ್ಟೆ ಮೇಲೆ ಕೂತಿದ್ದರು. ನನಗೆ ಹೊಟ್ಟೆಯಲ್ಲಿ ಸಂಕಟ. ಕೊನೆಗೆ ಹಾಲಿನ ಡೇರಿಗೆ ಬಂದಿದ್ದ ಆಟೋದವರೊಬ್ಬರು, "ಬನ್ನಿ ಅಮ್ಮ, ನಾನೂ ಪಾಂಡವಪುರಕ್ಕೇ ಹೋಗ್ತಿರೋದು" ಅಂತ ಕೂರಿಸಿಕೊಂಡರು.

ಆಮೇಲೆ ನಾನು ಒಂದು ಕ್ರಮ ಮಾಡಿಕೊಂಡೆ. ಹಳ್ಳಿ ಕಡೆಯ ಕೆರೆಗೆ ಭಾನುವಾರ ಹೋಗುವುದಿಲ್ಲ. ವಾಪಸ್ ಬಸ್ಸಿನ ವಿಚಾರವನ್ನು ನಮ್ಮನ್ನು ಇಳಿಸುವ ಬಸ್ಸಿನ ಕಂಡಕ್ಟರ್ ಹತ್ತಿರವೇ ಕೇಳುತ್ತೇನೆ. "ಕೊನೆ ಬಸ್ ಯಾವುದು?" ಅಂತಲ್ಲ. "ಇವತ್ತು ಕೊನೆ ಬಸ್ ಯಾವುದು, ಅದಕ್ಕೆ ಮುಂಚಿನದು ಯಾವುದು?" ಅಂತ. ಯಾವಾಗಲೂ ಮುಂಚಿನದಕ್ಕೇ ಲೆಕ್ಕ ಹಾಕುತ್ತೇನೆ. ಕೊನೆಯದು ಕೈಯಲ್ಲಿ ಉಳಿದಿರಲಿ.

ಎರಡನೆಯ ಸಲ ಬುಧವಾರ ಹೋದೆವು, ನವೆಂಬರ್ ತಿಂಗಳು. ಬೆಳಿಗ್ಗೆ ಹತ್ತರ ಒಳಗೆ ತೊಣ್ಣೂರಿನಲ್ಲಿದ್ದೆವು. ಮೊದಲು ನಂಬಿನಾರಾಯಣ ಸ್ವಾಮಿ ದೇವಸ್ಥಾನ. ರಾಮಾನುಜಾಚಾರ್ಯರು ಇದ್ದು ಹೋದ ಊರು ಇದು, ಹೊಯ್ಸಳರ ಕಾಲದಲ್ಲಿ ಯಾದವಪುರ ಅಂತ ಹೆಸರು. ಆ ಕಲ್ಲಿನ ಕಂಬಗಳ ತಂಪಿನಲ್ಲಿ ಸ್ವಲ್ಪ ಕೂತು ಏರಿ ಕಡೆ ನಡೆದೆವು.

ಏರಿ ಮೇಲೆ ನಿಂತಾಗ ಕೆರೆ ಹೇಗೆ ಕಟ್ಟಿದ್ದಾರೆ ಅಂತ ತಾನಾಗಿಯೇ ತಿಳಿಯುತ್ತದೆ. ಎರಡು ಗುಡ್ಡಗಳ ನಡುವೆ ಒಂದು ಕಂಡಿ. ಆ ಕಂಡಿಯನ್ನಷ್ಟೇ ಮುಚ್ಚಿದ್ದಾರೆ. ಉದ್ದದ ಏರಿ ಬೇಕಾಗಲಿಲ್ಲ, ಉಳಿದ ಗೋಡೆಯ ಕೆಲಸ ಗುಡ್ಡಗಳೇ ಮಾಡುತ್ತವೆ. ಒಂದು ಪಕ್ಕ ನೀರು, ಕಲ್ಲು ಬಂಡೆಗಳ ನಡುವೆ ಹಿಂದೆ ಹಿಂದೆ ಹೋಗುತ್ತದೆ. ಇನ್ನೊಂದು ಪಕ್ಕ ಕೆಳಗೆ ಅಚ್ಚುಕಟ್ಟು: ಗದ್ದೆ, ತೆಂಗು, ಕಬ್ಬು. ಕೆರೆ ತುಂಬಿದ ವರ್ಷ ಕೋಡಿ ಬಿದ್ದು ನೀರು ಬಂಡೆಗಳ ಮೇಲೆ ಹರಿಯುತ್ತದೆ. ನಾವು ಹೋದ ದಿನ ಆ ಸದ್ದು ದೂರದಿಂದಲೇ ಕೇಳಿಸಿತು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲವನ್ನೂ ಒಂದೇ ಗಂಟೆಯ ನಡಿಗೆಯಲ್ಲಿ ಮಕ್ಕಳಿಗೆ ತೋರಿಸಬೇಕು ಅಂದರೆ ನಾನು ಇಲ್ಲಿಗೇ ಕರೆತರುತ್ತೇನೆ.

ನೀರು ತಿಳಿಯಾಗಿದೆ. ಮೋತಿ ತಲಾಬ್ ಅಂತ, ಮುತ್ತಿನ ಕೆರೆ ಅಂತ ಇನ್ನೊಂದು ಹೆಸರು ಬಂದದ್ದು ಅದಕ್ಕೇ. 1771ರಲ್ಲಿ ಹೈದರಾಲಿಗೂ ಮರಾಠರಿಗೂ ಯುದ್ಧ ಆಗಿ ಹೈದರ್ ಸೋತದ್ದು ಈ ಕೆರೆ ಮತ್ತು ಚಿನಕುರಳಿ ಸುತ್ತಮುತ್ತಲೇ. ಇವತ್ತು ಅಲ್ಲಿ ಬಟ್ಟೆ ಒಗೆಯುವ ಸದ್ದು, ಮಿಂಚುಳ್ಳಿಯ ಕೂಗು, ಅಷ್ಟೆ. ತಿಳಿ ನೀರು ಅಂತ ಇಳಿಯಲು ಮಾತ್ರ ಹೋಗಬೇಡಿ. ದಡದಿಂದಲೇ ಆಳ ಶುರುವಾಗುತ್ತದೆ, ಬಂಡೆ ಜಾರುತ್ತದೆ. ಈಜು ಬರುತ್ತದೆ ಅನ್ನುವ ಧೈರ್ಯ ಗುರುತಿಲ್ಲದ ಕೆರೆಯಲ್ಲಿ ಬೇಡವೇ ಬೇಡ. ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಹೋಗುವಾಗ ಏನೇನು ಇರಬೇಕು ಅಂತ ಕೇಳುವವರಿಗೆ ನನ್ನ ಚೀಲ ಬಿಚ್ಚಿ ತೋರಿಸುತ್ತೇನೆ. ಎರಡು ಬಾಟಲಿ ನೀರು, ಛತ್ರಿ, ಒಂದು ಟವೆಲ್, ಹುರಿದ ಕಡಲೆಕಾಯಿ, ಮೊಸರನ್ನದ ಡಬ್ಬಿ. ಮತ್ತೆ ಆಧಾರ್ ಕಾರ್ಡ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಗುರುತಿನ ಚೀಟಿ ತೋರಿಸಿ ಟಿಕೆಟ್ ಪಡೆಯಲೇಬೇಕು, ಇಳಿಯುವವರೆಗೂ ಇಟ್ಟುಕೊಳ್ಳಬೇಕು. ಅದಕ್ಕೆ ಮುಂಚೆ ತಿಂಗಳಿಗೊಂದು ಸಲ ಹೊರಡುತ್ತಿದ್ದ ನಾವು ಈಗ ಮೂರು ಸಲ ಹೊರಡುತ್ತೇವೆ. ಅತ್ತಿಗೆಗೆ ಯಾರ ಹತ್ತಿರವೂ ಬಸ್ ದುಡ್ಡು ಕೇಳಬೇಕಾಗಿಲ್ಲ. ನನಗೆ ಅದು ಸಣ್ಣ ವಿಷಯ ಅಲ್ಲ.

ಹೆಂಗಸರಿಗೆ ಇನ್ನೊಂದು ಮಾತು. ಶೌಚಾಲಯಕ್ಕೆ ಹೋಗುವುದನ್ನು ಬಸ್‌ಸ್ಟ್ಯಾಂಡಿನಲ್ಲೇ ಮುಗಿಸಿಕೊಳ್ಳಿ, ಅಂದರೆ ಪಾಂಡವಪುರದಲ್ಲೇ. ಅದಕ್ಕೆ ಹೆದರಿ ನೀರು ಕುಡಿಯದೆ ನಡೆಯಬೇಡಿ. ಅತ್ತಿಗೆ ಹಾಗೆ ಮಾಡಿ ಒಂದು ಸಲ ತಲೆಸುತ್ತಿ ಕೂತುಬಿಟ್ಟಿದ್ದರು.

ಕಾಲ ಅಂದರೆ ಅಕ್ಟೋಬರ್‌ನಿಂದ ಫೆಬ್ರವರಿ. ಮಳೆ ನಿಂತು ಕೆರೆ ತುಂಬಿರುತ್ತದೆ, ಚಳಿಗಾಲದ ವಲಸೆ ಹಕ್ಕಿಗಳು ಬಂದಿರುತ್ತವೆ. ಏಪ್ರಿಲ್, ಮೇನಲ್ಲಿ ನೀರು ಹಿಂದೆ ಸರಿದು ಬಿರುಕು ಬಿಟ್ಟ ಮಣ್ಣು ಕಾಣುತ್ತದೆ. ಆಗ ನಾವು ಕುಕ್ಕರಹಳ್ಳಿಗೆ ಬೆಳಿಗ್ಗೆ ಆರಕ್ಕೇ ಹೋಗಿ ಎಂಟಕ್ಕೆಲ್ಲ ಮನೆಗೆ ಬಂದುಬಿಡುತ್ತೇವೆ.

ಆ ಬುಧವಾರ ಕೊನೆ ಬಸ್ಸಿಗಿಂತ ಮುಂಚಿನ ಬಸ್ಸಿಗೇ ಬಂದು ನಿಂತೆವು. ಬೆಳಿಗ್ಗೆ ಇಳಿಸಿದ ಕಂಡಕ್ಟರೇ ಇದ್ದರು. "ಕೆರೆ ನೋಡಿದ್ರಾ ಅಮ್ಮ?" ಅಂತ ಅತ್ತಿಗೆಯನ್ನು ಕೇಳಿದರು. "ಕೋಡಿ ಬಿದ್ದಿದೆ ಕಣಪ್ಪ, ನೀನೂ ಒಂದಿನ ಇಳಿದು ನೋಡು" ಅಂದರು ಅತ್ತಿಗೆ. ಕಿಟಕಿ ಪಕ್ಕ ಕೂತು ಚಪ್ಪಲಿ ಬಿಟ್ಟು ಕಾಲು ನೀಡಿಕೊಂಡರು. ಪಾಂಡವಪುರ ಬರುವ ಹೊತ್ತಿಗೆ ನಿದ್ದೆ ಹೋಗಿದ್ದರು.