ಇಂಟರ್ನ್‌ಶಿಪ್‌ಗೆ ಅಂಕ ಹಾಕುವ ಮೊದಲು ನಾನು ಡೈರಿ ಓದುತ್ತೇನೆ

ನಮ್ಮದು ಬೆಳಗಾವಿ ಸೀಮೆಯ ಒಂದು ಎಂಜಿನಿಯರಿಂಗ್ ಕಾಲೇಜು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದ್ದು. ಮೆಕ್ಯಾನಿಕಲ್ ವಿಭಾಗದ ಇಂಟರ್ನ್‌ಶಿಪ್ ಜವಾಬ್ದಾರಿ ನನ್ನ ಪಾಲಿಗೆ ಬಂದು ಕೆಲವು ವರ್ಷ ಆಯಿತು. ಹೊಸದಾಗಿ ಈ ಕೆಲಸ ವಹಿಸಿಕೊಂಡ ಬೇರೆ ಕಾಲೇಜಿನ ಗೆಳೆಯರು ಫೋನ್ ಮಾಡಿ ಕೇಳುತ್ತಾರೆ: ಇಂಟರ್ನ್‌ಶಿಪ್‌ಗೆ ಸೀಟು ಎಲ್ಲಿ ಹುಡುಕುತ್ತೀರಿ, ಮಾರ್ಕ್ಸ್ ಹೇಗೆ ಕೊಡುತ್ತೀರಿ ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ವಿಟಿಯುನ 2018ರ ಸ್ಕೀಮ್‌ನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಇಂಟರ್ನ್‌ಶಿಪ್ ಅಂದರೆ ರಜೆಯ ನಾಲ್ಕು ವಾರ. ಕಂಪನಿಗೆ ಹೋಗಿ, ಎರಡು ವಾರ ಅಡ್ಡಾಡಿ, ಒಂದು ಸರ್ಟಿಫಿಕೇಟ್ ತಂದರೆ ಹೇಗೋ ನಡೆದುಹೋಗುತ್ತಿತ್ತು. 2022ರ ಸ್ಕೀಮ್‌ನಲ್ಲಿ ಕೊನೆಯ ವರ್ಷ 14ರಿಂದ 20 ವಾರ, 10 ಕ್ರೆಡಿಟ್. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಮಾರ್ಗಸೂಚಿಯ ಲೆಕ್ಕ ಹಿಡಿದರೆ ಒಂದು ಕ್ರೆಡಿಟ್‌ಗೆ 40ರಿಂದ 45 ಗಂಟೆ ಕೆಲಸ. ಇಷ್ಟು ದೊಡ್ಡ ಅವಧಿಯಲ್ಲಿ ಹುಡುಗರು ಸುಮ್ನೆ ಅಡ್ಡಾಡಿ ಬರಲು ಆಗಲ್ಲ. ಕಾಲೇಜು ಕೂಡ ಕೈ ಕಟ್ಟಿ ಕೂರಲು ಆಗಲ್ಲ.

ಒಂದು ಅನುಕೂಲ ಇದೆ. ಏಳು ಮತ್ತು ಎಂಟನೇ ಸೆಮಿಸ್ಟರ್‌ಗಳನ್ನು ಅದಲು ಬದಲು ಮಾಡಿಕೊಳ್ಳಲು ಕಾಲೇಜುಗಳಿಗೆ ವಿಟಿಯು ಅವಕಾಶ ಕೊಟ್ಟಿದೆ. ನಾವು ಇದನ್ನು ಚೆನ್ನಾಗಿ ಬಳಸಿಕೊಳ್ಳುತ್ತೇವೆ. ಎಲ್ಲ ಕಾಲೇಜುಗಳ ಹುಡುಗರೂ ಜನವರಿಯ ಹೊತ್ತಿಗೆ ಒಟ್ಟಿಗೇ ಕಂಪನಿ ಬಾಗಿಲು ಬಡಿಯುತ್ತಾರೆ. ಅದೇ ಸಮಯಕ್ಕೆ ಸಣ್ಣ ಕಾರ್ಖಾನೆಗಳಲ್ಲಿ ಮಾರ್ಚ್ ಎಂಡಿಂಗ್ ಗಡಿಬಿಡಿ. ಡಿಸ್ಪ್ಯಾಚ್ ತಲೆ ಮೇಲೆ ಕೂತಿರುವಾಗ ಹೊಸ ಹುಡುಗನಿಗೆ ಮೈಕ್ರೋಮೀಟರ್ ಹಿಡಿಯಲು ಕಲಿಸುವಷ್ಟು ವ್ಯವಧಾನ ಯಾರಿಗಿರುತ್ತೆ? ಅದಕ್ಕೇ ಒಂದಷ್ಟು ಜನರನ್ನು ಏಳನೇ ಸೆಮಿಸ್ಟರ್‌ನಲ್ಲೇ ಕಳಿಸುವುದು ಒಳ್ಳೆಯದು.

ಇನ್ನು ಸೀಟು ಹುಡುಕುವ ವಿಷಯ. ಹುಡುಗರ ಬಾಯಲ್ಲಿ ಮೊದಲು ಬರುವುದು ಬೆಂಗಳೂರಿನ ದೊಡ್ಡ ಕಂಪನಿಗಳ ಹೆಸರು. ಅಲ್ಲಿ ಸಿಕ್ಕರೆ ಸಂತೋಷ, ನಾನೇ ಎನ್‌ಒಸಿ (ಕಾಲೇಜಿನ ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬರೆದು ಕೊಡುತ್ತೇನೆ. ಆದರೆ ಇಡೀ ಕ್ಲಾಸಿಗೆ ಅಲ್ಲಿ ಜಾಗ ಸಿಗಲ್ಲ. ನಮ್ಮ ಊರಿನ ಭಾಗ್ಯ ಅಂದರೆ ಉದ್ಯಮಬಾಗ ಅನ್ನುವ ಕೈಗಾರಿಕಾ ಪ್ರದೇಶ. ಲೋಹದ ಎರಕ ಹೊಯ್ಯುವ ಫೌಂಡ್ರಿ, ಮಷಿನ್ ಶಾಪ್, ಹೈಡ್ರಾಲಿಕ್ಸ್, ಎರಕದ ಅಚ್ಚಿಗೆ ಬೇಕಾದ ಮಾದರಿ (ಪ್ಯಾಟರ್ನ್) ಮಾಡುವವರು, ಹೀಟ್ ಟ್ರೀಟ್‌ಮೆಂಟ್ ಎಲ್ಲ ಒಂದೇ ಕಡೆ. ಮಚ್ಛೆ ಕಡೆಗೂ ಇದೇ ಕಸುಬು. ಹತ್ತರಗಿಗೆ ಹೋದರೆ ವಿಮಾನದ ಬಿಡಿಭಾಗಗಳ ಕಾರ್ಖಾನೆಗಳಿವೆ. ಮೆಕ್ಯಾನಿಕಲ್ ಓದುವವನಿಗೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಎಲ್ಲಿ ಸಿಗಬೇಕು?

ಸಣ್ಣ ಕಾರ್ಖಾನೆಯ ಮಾಲೀಕರ ಹತ್ತಿರ ಹೋಗಿ "ನಾಲ್ಕು ಹುಡುಗರನ್ನು ತಗೊಳ್ಳಿ ಸಾರ್" ಅಂದರೆ ಕೆಲಸ ಆಗಲ್ಲ. ಅವರ ಭಯಗಳು ನಿಜವಾದವು. ಹುಡುಗನ ಕೈಗೆ ಏಟಾದರೆ ಯಾರು ಹೊಣೆ? ಗಿರಾಕಿಯ ಡ್ರಾಯಿಂಗ್ ಮೊಬೈಲ್‌ನಲ್ಲಿ ಹೊರಗೆ ಹೋದರೆ? ಎಲ್ಲಕ್ಕಿಂತ ಜಾಸ್ತಿ, ಇವನಿಗೆ ಕೆಲಸ ಏನು ಕೊಡಬೇಕು? ಮೊದಲ ಎರಡಕ್ಕೆ ಉತ್ತರ ನಮ್ಮ ಕೈಯಲ್ಲೇ ಇದೆ. ಅಪಘಾತ ವಿಮೆ ಕಾಲೇಜಿನಿಂದ, ಸೇಫ್ಟಿ ಶೂ ಇಲ್ಲದೆ ಗೇಟಿನೊಳಗೆ ಕಾಲಿಡುವ ಹಾಗಿಲ್ಲ, ಅನುಮತಿ ಇಲ್ಲದೆ ಫೋಟೊ ತೆಗೆಯುವ ಹಾಗಿಲ್ಲ. ಇದನ್ನೆಲ್ಲ ಒಂದು ಪತ್ರದಲ್ಲಿ ಬರೆದು, ವಿದ್ಯಾರ್ಥಿಯ ಸಹಿಯೂ ಹಾಕಿಸಿ ಕೊಡುತ್ತೇವೆ.

ಮೂರನೆಯದಕ್ಕೆ ನಾನು ಮಾಲೀಕರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: "ಮಾಡಲೇಬೇಕು ಅಂತಿದ್ದು, ಯಾರಿಗೂ ಪುರುಸೊತ್ತು ಸಿಗದೆ ಬಿದ್ದಿರುವ ಕೆಲಸ ಯಾವುದು?" ಈ ಪ್ರಶ್ನೆಗೆ ಉತ್ತರ ಇಲ್ಲದ ಕಾರ್ಖಾನೆ ನಾನು ನೋಡಿಲ್ಲ. ಪ್ಯಾಟರ್ನ್ ಸ್ಟೋರ್‌ನಲ್ಲಿ ಯಾವ ಪ್ಯಾಟರ್ನ್ ಎಲ್ಲಿದೆ ಅಂತ ಪಟ್ಟಿ ಇರಲ್ಲ. ಹಳೆಯ ಕಾಗದದ ಡ್ರಾಯಿಂಗ್‌ಗಳು ಕಂಪ್ಯೂಟರ್‌ನ ಕ್ಯಾಡ್‌ಗೆ ಹೋಗಿರಲ್ಲ. ರಿಜೆಕ್ಷನ್ (ಕೆಟ್ಟುಹೋದ ಮಾಲಿನ) ಲೆಕ್ಕ ರಿಜಿಸ್ಟರ್‌ನಲ್ಲಿ ಬರೆದಿರುತ್ತಾರೆ, ಅದನ್ನು ಕೂತು ನೋಡಿದವರು ಯಾರೂ ಇರಲ್ಲ. ಮಷಿನ್ ಮೇಲೆ ಜಾಬ್ ಅನ್ನು, ಅಂದರೆ ತಯಾರಾಗುತ್ತಿರುವ ಭಾಗವನ್ನು, ಹಿಡಿದಿಡುವ ಯಾವುದೋ ಫಿಕ್ಸ್ಚರ್ ಸವೆದು ಜಾಬ್ ಅಲುಗಾಡುತ್ತಿರುತ್ತೆ. ಇವೇ ನಮ್ಮ ಹುಡುಗರ ಇಂಟರ್ನ್‌ಶಿಪ್ ವಿಷಯಗಳು. ಮಾಲೀಕರಿಗೂ ಹುಡುಗ ಭಾರ ಅನ್ನಿಸಲ್ಲ.

ಇನ್ನೊಂದು ಬಾಗಿಲು ನಮ್ಮದೇ ಹಳೆಯ ವಿದ್ಯಾರ್ಥಿಗಳು ಮತ್ತು ಡಿಪ್ಲೊಮಾ ಮುಗಿಸಿ ಸೂಪರ್‌ವೈಸರ್ ಆದವರು. ಮ್ಯಾನೇಜರ್ ಹೂಂ ಅಂದರೂ ದಿನಾ ಕಲಿಸುವವರು ಇವರೇ. ಅವರ ಒಪ್ಪಿಗೆ ಇಲ್ಲದ ಕಡೆ ನಾನು ಹುಡುಗರನ್ನು ಕಳಿಸುವುದಿಲ್ಲ.

ಈಗ ದುಡ್ಡಿನ ಮಾತು. ಹುಡುಗರ ವಾಟ್ಸಾಪ್‌ಗೆ ದಿನಾ ಮೆಸೇಜ್ ಬರುತ್ತೆ: ಇಷ್ಟು ಫೀ ಕಟ್ಟಿ, ಇಂಟರ್ನ್‌ಶಿಪ್, ಪ್ರಾಜೆಕ್ಟ್, ಸರ್ಟಿಫಿಕೇಟ್ ಮೂರೂ ತಗೊಳ್ಳಿ. ಕೆಲವು ಕಡೆ ನಾಲ್ಕು ವಿಡಿಯೊ ತೋರಿಸಿ, ಹಳೇ ಪ್ರಾಜೆಕ್ಟ್ ರಿಪೋರ್ಟ್‌ನ ಮೇಲಿನ ಹೆಸರು ಬದಲಿಸಿ ಕೊಡುತ್ತಾರೆ. ಇಂಥವನ್ನು ಗುರುತಿಸಲು ನನ್ನ ಪರೀಕ್ಷೆ ಸರಳ. ಈ ಸಂಸ್ಥೆಗೆ ಆದಾಯ ಎಲ್ಲಿಂದ ಬರುತ್ತೆ? ಏನನ್ನಾದರೂ ತಯಾರಿಸಿ, ದುರಸ್ತಿ ಮಾಡಿ, ವಿನ್ಯಾಸ ಮಾಡಿ ಗಿರಾಕಿಯಿಂದ ದುಡ್ಡು ಪಡೆಯುತ್ತಿದ್ದರೆ ಅಲ್ಲಿ ಕಲಿಯಲು ಏನೋ ಇದೆ. ವಿದ್ಯಾರ್ಥಿಗಳ ಫೀಯೇ ಅದರ ಆದಾಯ ಆಗಿದ್ದರೆ ಅದು ಟ್ಯೂಷನ್ ಸೆಂಟರ್. ಟ್ಯೂಷನ್ ಬೇಕಿದ್ದರೆ ಪ್ರತ್ಯೇಕ ಮಾಡಿಕೊಳ್ಳಲಿ, ತಪ್ಪಿಲ್ಲ. ಇಂಟರ್ನ್‌ಶಿಪ್ ಅಂತ ನಾವು ಒಪ್ಪಲ್ಲ. ಸಾಲ ಮಾಡಿ ಓದಿಸುವ ಅಪ್ಪ ಅಮ್ಮಂದಿರ ದುಡ್ಡು ಅದು. ಈ ವಿಷಯದಲ್ಲಿ ನಾನು ಯಾರ ಶಿಫಾರಸಿಗೂ ಬಗ್ಗಿಲ್ಲ.

ಸ್ಟೈಪೆಂಡ್ ಬಗ್ಗೆಯೂ ಗೊಂದಲ ಇದೆ. 2024ರ ಬಜೆಟ್‌ನಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಸ್ಟೈಪೆಂಡ್ (ಶುರುವಿನಲ್ಲಿ ತಿಂಗಳಿಗೆ 5,000 ರೂಪಾಯಿ) ನಮಗೂ ಸಿಗುತ್ತಾ ಅಂತ ಎಷ್ಟೋ ಹುಡುಗರು ಕೇಳಿದ್ದಾರೆ. ಶುರುವಾದಾಗ ಅದು ಪೂರ್ಣಾವಧಿ ಓದುತ್ತಿರುವವರಿಗೆ ಅಂತ ಮಾಡಿದ ಯೋಜನೆ ಆಗಿರಲಿಲ್ಲ. ನಮ್ಮ ಕಡೆ ಸಣ್ಣ ಕಾರ್ಖಾನೆಗಳು ಕೊಡುವುದು ಹೆಚ್ಚಾಗಿ ಮಧ್ಯಾಹ್ನದ ಊಟ, ಬಸ್ ಚಾರ್ಜು. ಕೆಲವರು ಕೊನೆಗೆ ಖುಷಿಯಿಂದ ಏನಾದರೂ ಕೈಗಿಡುತ್ತಾರೆ. ನಾನು ಕೇಳುವುದು ಇಷ್ಟೇ: ಹುಡುಗನ ಜೇಬಿನಿಂದ ಹೋಗದಿರಲಿ.

ಯಾರನ್ನು ಎಲ್ಲಿಗೆ ಕಳಿಸುವುದು ಅನ್ನುವುದನ್ನು ಸಿಜಿಪಿಎ ನೋಡಿ ನಿರ್ಧರಿಸಬಾರದು. ಟಾಪರ್‌ಗೆ ಒಳ್ಳೆ ಕಂಪನಿ, ಬ್ಯಾಕ್‌ಲಾಗ್ ಇದ್ದವನಿಗೆ ಉಳಿದದ್ದು ಅಂತ ಮಾಡಿದರೆ ಮೊದಲ ದಿನವೇ ಅರ್ಧ ಕ್ಲಾಸ್ ಮನಸ್ಸು ಮುದುಡುತ್ತೆ. ನಾನು ಆಸಕ್ತಿ, ಊರು, ಬಸ್ಸು, ಭಾಷೆ ನೋಡುತ್ತೇನೆ. ಖಾನಾಪುರದಿಂದ ಬರುವವರಿಗೆ ಎರಡನೇ ಶಿಫ್ಟ್ ಮುಗಿದ ಮೇಲೆ ಬಸ್ ಸಿಗುತ್ತಾ? ಹುಡುಗಿಯರಿಗೆ ಕಾರ್ಖಾನೆಯಲ್ಲಿ ಸರಿಯಾದ ಶೌಚಾಲಯ ಇದೆಯಾ? ಇದನ್ನು ನಾನೇ ಹೋಗಿ ನೋಡಿ ಬರುತ್ತೇನೆ, ಫೋನಿನಲ್ಲಿ ಕೇಳಿ ನಂಬುವುದಿಲ್ಲ. ಬೆಳಗಾವಿಯ ಶಾಪ್ ಫ್ಲೋರ್‌ನಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಓಡುತ್ತವೆ. ಕೊಪ್ಪಳ, ಬಳ್ಳಾರಿಯಿಂದ ಬಂದ ಹುಡುಗನಿಗೆ ಮೊದಲ ವಾರ ಕಷ್ಟ. ಅವನ ಜೊತೆ ಮರಾಠಿ ಬಲ್ಲ ಒಬ್ಬನನ್ನು ಕಳಿಸಿದರೆ ಆಯಿತು. ಒಬ್ಬಂಟಿಯಾಗಿ ಯಾರನ್ನೂ ಕಳಿಸದಿರುವುದು ಒಳ್ಳೆಯದು.

ಎಲ್ಲ ಕಡೆಯೂ ಸರಿ ಹೋಗುತ್ತೆ ಅಂತಲ್ಲ. ಒಂದು ಕಡೆ ಹುಡುಗರನ್ನು ದಿನವಿಡೀ ಮಾಲು ಲೋಡ್ ಮಾಡಲು ನಿಲ್ಲಿಸಿದ್ದರು, ರಾತ್ರಿ ಶಿಫ್ಟ್‌ಗೂ ಬರಲು ಹೇಳುತ್ತಿದ್ದರು. ಮಾತಾಡಿ ನೋಡಿದೆವು, ಬದಲಾಗಲಿಲ್ಲ. ವಾಪಸ್ ಕರೆಸಿ ಬೇರೆ ಕಡೆ ಹಾಕಿದೆವು. ಮೊದಲ ಎರಡು ವಾರದೊಳಗೆ ಜಾಗ ಬದಲಿಸಲು ಎಲ್ಲರಿಗೂ ಅವಕಾಶ ಇಟ್ಟಿರುವುದು ಇದಕ್ಕೇ. ಅದಕ್ಕಾಗಿ ಒಂದೆರಡು ಸೀಟು ಕೈಯಲ್ಲಿ ಉಳಿಸಿಕೊಂಡಿರುತ್ತೇವೆ.

ಮೌಲ್ಯಮಾಪನದ ಬುಡ ಡೈರಿ. ದಿನಕ್ಕೆ ಅರ್ಧ ಪುಟ, ಕೈಬರಹದಲ್ಲಿ, ಅದೇ ದಿನ. ಕನ್ನಡದಲ್ಲಿ ಬರೆಯಬಹುದು, ಕಲಬೆರಕೆ ಆದರೂ ಅಡ್ಡಿ ಇಲ್ಲ. ಎರಡು ಡೈರಿಗಳ ಸಾಲು ಹೇಳುತ್ತೇನೆ. ಒಂದರಲ್ಲಿ ಇತ್ತು: "ಇಂದು ಮೋಲ್ಡಿಂಗ್ ವಿಭಾಗದ ಬಗ್ಗೆ ತಿಳಿದುಕೊಂಡೆ. ತುಂಬಾ ಉಪಯುಕ್ತವಾಗಿತ್ತು." ಇನ್ನೊಂದರಲ್ಲಿ: "ಊಟದ ನಂತರ ಮೊದಲ ಬಾಕ್ಸ್‌ಗಳಲ್ಲಿ ಬ್ಲೋ ಹೋಲ್ ಜಾಸ್ತಿ. ಬೆಳಿಗ್ಗೆ ಇಷ್ಟಿಲ್ಲ. ಯಾಕೆ ಅಂತ ಮಿಸ್ತ್ರಿಗೂ ಗೊತ್ತಿಲ್ಲ." ಈ ಎರಡನೇ ಸಾಲು ಓದಿದ ದಿನವೇ ನನಗೆ ಈ ಹುಡುಗನ ಇಂಟರ್ನ್‌ಶಿಪ್ ಶುರುವಾಯಿತು ಅಂತ ಗೊತ್ತಾಯಿತು.

ಮುಂದೆ ಅವನು ಮಾಡಿದ್ದು ಕೇಳಿ. ಬ್ಲೋ ಹೋಲ್ ಅಂದರೆ ಎರಕದೊಳಗೆ ಅನಿಲ ಸಿಕ್ಕಿಹಾಕಿಕೊಂಡು ಆಗುವ ಗುಳಿ. ಹಸಿ ಮರಳಿನ ಅಚ್ಚಿನಲ್ಲಿ ನೀರು ಹೆಚ್ಚಾದರೆ ಆವಿ ಜಾಸ್ತಿ, ಅದು ಹೊರಗೆ ಹೋಗಲು ದಾರಿ ಸಾಲಲ್ಲ. ಅವನು ಮರಳನ್ನು ತೂಗಿ, ಒಣಗಿಸಿ, ಮತ್ತೆ ತೂಗಿ ತೇವಾಂಶ ಬರೆದುಕೊಳ್ಳತೊಡಗಿದ. ಬೆಳಿಗ್ಗೆ ಅದು ಇರಬೇಕಾದಂತೆ ಶೇ. 3ರಿಂದ 4ರ ಒಳಗೇ ಇತ್ತು. ಊಟದ ನಂತರದ ಮೊದಲ ಲೆಕ್ಕ ಅದನ್ನು ದಾಟುತ್ತಿತ್ತು. ನಿಂತು ನೋಡಿದಾಗ ಕಾರಣ ಸಿಕ್ಕಿತು. ಊಟದ ಹೊತ್ತಿನಲ್ಲಿ ಹಾಪರ್‌ನಲ್ಲಿ (ಮರಳು ತುಂಬಿಡುವ ತೊಟ್ಟಿಯಲ್ಲಿ) ನಿಂತ ಬಿಸಿ ಮರಳು ಮೇಲ್ಭಾಗದಲ್ಲಿ ಒಣಗುತ್ತೆ. ಕೆಲಸಗಾರ ಕೈಗೆ ಒಣಕಲು ಅನ್ನಿಸಿ ಅಂದಾಜಿನ ಮೇಲೆ ನೀರು ಹೊಡೆಯುತ್ತಾನೆ. ಪರಿಹಾರ ದೊಡ್ಡದೇನಲ್ಲ: ಮೇಲಿನ ಮರಳನ್ನು ತೆಗೆದು ವಾಪಸ್ ಮಿಕ್ಸರ್‌ಗೆ ಹಾಕುವುದು. ಅದಕ್ಕಾಗಿ ಅವನು ವಾರಗಟ್ಟಲೆ ತುಂಬಿಸಿದ ಪಟ್ಟಿ ಇದೆಯಲ್ಲ, ಎಂಜಿನಿಯರಿಂಗ್ ಅಂದರೆ ಅದೇ.

ಮಧ್ಯದಲ್ಲಿ ಗೈಡ್‌ಗಳು, ಅಂದರೆ ಕಾಲೇಜಿನ ಮಾರ್ಗದರ್ಶಕ ಅಧ್ಯಾಪಕರು, ಕಾರ್ಖಾನೆಗೆ ಹೋಗಲೇಬೇಕು. ಆಫೀಸ್‌ನಲ್ಲಿ ಚಹಾ ಕುಡಿದು ಬರುವ ಭೇಟಿ ಬೇಡ. ವಿದ್ಯಾರ್ಥಿಯೇ ಗೈಡ್‌ನನ್ನು ಶಾಪ್ ತುಂಬ ಸುತ್ತಿಸಿ ತೋರಿಸಬೇಕು. ಆಗ ನಾನು ಗಮನಿಸುವುದು ಎರಡು. ಕೆಲಸಗಾರರು ಇವನನ್ನು ಹೆಸರು ಹಿಡಿದು ಕರೆಯುತ್ತಾರಾ? ಯಾವ ಮಷಿನ್ ಹತ್ತಿರ ಇವನ ಮಾತು ನಿಧಾನವಾಗಿ, ವಿವರವಾಗಿ ಬರುತ್ತೆ? ಅಲ್ಲೇ ಅವನು ಕಲಿತಿರುತ್ತಾನೆ.

ಸೂಪರ್‌ವೈಸರ್‌ಗೆ ಮಾರ್ಕ್ಸ್ ಶೀಟ್ ಕೊಟ್ಟರೆ ಎಲ್ಲರಿಗೂ 50ಕ್ಕೆ 48 ಬರುತ್ತೆ. ಪಾಪ, ಹುಡುಗರ ಭವಿಷ್ಯ ಕೆಡಿಸುವುದು ಯಾಕೆ ಅನ್ನುವ ಒಳ್ಳೆ ಮನಸ್ಸು ಅವರದು. ಹಾಗಾಗಿ ಅವರನ್ನು ಅಂಕ ಕೇಳುವುದಿಲ್ಲ, ಪ್ರಶ್ನೆ ಕೇಳುತ್ತೇವೆ. ಇವನು ಅಳೆದ ಅಳತೆಯನ್ನು ನೀವು ಮತ್ತೆ ಅಳೆದು ನೋಡುತ್ತೀರಾ, ಹಾಗೇ ನಂಬುತ್ತೀರಾ? ಇವನು ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತಿತ್ತು? ಗೊತ್ತಿಲ್ಲದ್ದನ್ನು ಕೇಳುತ್ತಾನಾ, ಮುಚ್ಚಿಡುತ್ತಾನಾ? ಉತ್ತರ ಮಾತಿನಲ್ಲಿ ಬರುತ್ತೆ, ಅಂಕ ನಾವು ಹಾಕುತ್ತೇವೆ.

ರಿಪೋರ್ಟ್‌ಗೆ ನಾನು ಕಡಿಮೆ ತೂಕ ಕೊಡುತ್ತೇನೆ. ಮೊದಲೆಲ್ಲ ಎಪ್ಪತ್ತು ಪುಟ, ಅದರಲ್ಲಿ ಅರ್ಧ ಕಂಪನಿಯ ಇತಿಹಾಸ, ವೆಬ್‌ಸೈಟ್‌ನಿಂದ ಎತ್ತಿದ್ದು. ಈಗ ಎಐ ಒಂದು ನಿಮಿಷದಲ್ಲಿ ಅಚ್ಚುಕಟ್ಟಾದ ಇಂಗ್ಲಿಷ್ ಬರೆದುಕೊಡುತ್ತೆ. ಕಂಪನಿ ಇತಿಹಾಸ ಒಂದು ಪುಟ ಮೀರಬಾರದು, ಉಳಿದದ್ದೆಲ್ಲ ನೀನು ಮಾಡಿದ್ದು ಅಂತ ನಿಯಮ ಮಾಡಿದ್ದೇವೆ. ವೈವಾಗೆ ಬರುವಾಗ ಒಂದು ವಸ್ತು ತರಬೇಕು: ರಿಜೆಕ್ಟ್ ಆದ ಬಿಡಿಭಾಗ, ತಾನು ಬರೆದ ಡ್ರಾಯಿಂಗ್, ತಾನು ತುಂಬಿಸಿದ ಡೇಟಾ ಶೀಟ್, ಏನಾದರೂ ಸರಿ. ಕಂಪನಿಯ ಅನುಮತಿ ಇರಬೇಕು ಅಷ್ಟೇ.

ಫಿಕ್ಸ್ಚರ್ ಮಾಡಿದ ಒಬ್ಬ ಹುಡುಗಿಗೆ ಪರೀಕ್ಷಕರು ಕೇಳಿದರು: "ಕೆಳಗೆ ಮೂರೇ ಪಿನ್ ಯಾಕೆ? ನಾಲ್ಕಿದ್ದರೆ ಇನ್ನೂ ಗಟ್ಟಿ ಅಲ್ವಾ?" ಜಾಬ್ ಅನ್ನು ತಳದಲ್ಲಿ ಮೂರು, ಪಕ್ಕದಲ್ಲಿ ಎರಡು, ತುದಿಯಲ್ಲಿ ಒಂದು ಬಿಂದುವಿನಲ್ಲಿ ಕೂರಿಸುವ ಪುಸ್ತಕದ 3-2-1 ನಿಯಮ ಅವಳು ಹೇಳಲಿಲ್ಲ. ಎರಕದ ಜಾಬ್‌ನ ತಳ ಸಮ ಇರಲ್ಲ ಸಾರ್, ನಾಲ್ಕು ಪಿನ್ ಇಟ್ಟರೆ ಒಂದು ಯಾವಾಗಲೂ ತಾಕಲ್ಲ, ಕ್ಲ್ಯಾಂಪ್ ಮಾಡಿದರೆ ಜಾಬ್ ಬಾಗುತ್ತೆ, ಬಿಚ್ಚಿದ ಮೇಲೆ ಅಳತೆ ಬದಲಾಗುತ್ತೆ ಅಂದಳು. ಅವಳೇ ಸಣ್ಣ ಅಳತೆ ವ್ಯತ್ಯಾಸ ತೋರಿಸುವ ಡಯಲ್ ಗೇಜ್ ಇಟ್ಟು ನೋಡಿದ್ದಳು. ಇಂಗ್ಲಿಷ್‌ನಲ್ಲಿ ತಡವರಿಸುತ್ತಿದ್ದವಳು ಕನ್ನಡದಲ್ಲಿ ಹೇಳಲು ಬಿಟ್ಟ ಮೇಲೆ ನಿಲ್ಲಲೇ ಇಲ್ಲ. ವೈವಾದಲ್ಲಿ ಭಾಷೆಯ ಗೋಡೆ ಇಡಬೇಡಿ ಅಂತ ಹೊರಗಿನಿಂದ ಬರುವ ಪರೀಕ್ಷಕರಿಗೆ ನಾನು ಮೊದಲೇ ಕೇಳಿಕೊಳ್ಳುವುದು ಇಂಥವರಿಗಾಗಿ.

ಕಂಪ್ಯೂಟರ್ ಸೈನ್ಸ್‌ನಲ್ಲಿ ವರ್ಕ್ ಫ್ರಂ ಹೋಮ್ ಜಾಸ್ತಿ, ಅಲ್ಲಿ ನಮ್ಮ ಡೈರಿ ಹಾಗೇ ನಡೆಯಲ್ಲ. ಅಲ್ಲಿನ ಸಹೋದ್ಯೋಗಿಗಳು ಗಿಟ್ ಕಮಿಟ್‌ಗಳನ್ನೇ (ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆ) ಡೈರಿಯಂತೆ ಓದುತ್ತಾರೆ. ಯಾವ ದಿನ ಏನು ಬದಲಿಸಿದೆ, ಯಾಕೆ ಅಂತ ಕೇಳುತ್ತಾರೆ.

ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬಂದಾಗಲೂ ನಮ್ಮ ಕೈ ಹಿಡಿಯುವುದು ಈ ಡೈರಿಗಳೇ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಖಾಯಂ ಸದಸ್ಯ ಆದಮೇಲೆ, ಪದವೀಧರ ಏನು ಮಾಡಬಲ್ಲ ಅನ್ನುವುದಕ್ಕೆ ಪುರಾವೆ ಕೇಳುವುದು ಹೆಚ್ಚಾಗಿದೆ. ತಂಡದಲ್ಲಿ ಕೆಲಸ, ವೃತ್ತಿ ನೀತಿ, ಸಂವಹನ ಇವನ್ನು ಪ್ರಶ್ನೆಪತ್ರಿಕೆಯಲ್ಲಿ ಹೇಗೆ ತೋರಿಸುವುದು? ತಪ್ಪು ಅಳತೆ ಬರೆದದ್ದನ್ನು ತಾನೇ ಹೋಗಿ ಹೇಳಿದೆ ಅಂತ ಡೈರಿಯಲ್ಲಿ ಇದ್ದರೆ ಅದನ್ನು ತೆಗೆದು ತೋರಿಸಬಹುದು.

ಎಲ್ಲ ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತೆ, ಬಹಳ ಕಾಲೇಜುಗಳು ಇದನ್ನು ಬಿಟ್ಟುಬಿಡುತ್ತವೆ. ವಿದ್ಯಾರ್ಥಿ ಕಂಡುಕೊಂಡದ್ದನ್ನು ಎರಡು ಪುಟದಲ್ಲಿ, ಕನ್ನಡದಲ್ಲೋ ಮರಾಠಿಯಲ್ಲೋ ಬರೆಸಿ ಮಾಲೀಕರಿಗೂ ಸೂಪರ್‌ವೈಸರ್‌ಗೂ ಕೊಡಿಸುತ್ತೇನೆ. ವಿದ್ಯಾರ್ಥಿಯೇ ಹೋಗಿ ಅವರ ಮುಂದೆ ಓದಿ ಹೇಳಬೇಕು. ಮರಳಿನ ಲೆಕ್ಕ ಇಟ್ಟ ಹುಡುಗನ ಪಟ್ಟಿಯನ್ನು ಆ ಫೌಂಡ್ರಿಯವರು ಈಗಲೂ ತುಂಬಿಸುತ್ತಾರೆ. ಮುಂದಿನ ಬ್ಯಾಚ್‌ಗೆ ಇಬ್ಬರ ಬದಲು ಮೂವರನ್ನು ಕಳಿಸಿ, ಒಬ್ಬರಿಗೆ ಕೋರ್ ಶಾಪ್‌ನಲ್ಲಿ (ಎರಕದೊಳಗಿನ ಟೊಳ್ಳಿಗೆ ಮರಳಿನ ತಿರುಳು ಮಾಡುವ ವಿಭಾಗ) ಕೆಲಸ ಇದೆ ಅಂತ ಅವರೇ ಹೇಳಿ ಕಳಿಸಿದ್ದಾರೆ.