ಯಶೋಗಾಥೆ ಕೊಡಬೇಕು ಅನ್ನುವ ಷರತ್ತು: ನಾವು ಅದನ್ನು ಹೇಗೆ ನಿಭಾಯಿಸಿದೆವು

ಸರ್ಕಾರದ ಅನುದಾನದಲ್ಲಿ ತರಬೇತಿ, ಆಪ್ತ ಸಮಾಲೋಚನೆ, ಪುನರ್ವಸತಿ ಅಂತ ಕೆಲಸ ಮಾಡುವವರಿಗೆ ಈ ಸಾಲು ಗೊತ್ತಿರುತ್ತದೆ. ಒಡಂಬಡಿಕೆಯ ಕೊನೆಯ ಹಾಳೆಗಳಲ್ಲಿ, ಅನುಬಂಧದ ಹತ್ತಿರ ಎಲ್ಲೋ ಇರುತ್ತದೆ: ಪ್ರತಿ ತ್ರೈಮಾಸಿಕಕ್ಕೆ ಇಷ್ಟು ಯಶೋಗಾಥೆಗಳನ್ನು ಭಾವಚಿತ್ರ ಸಮೇತ ಸಲ್ಲಿಸತಕ್ಕದ್ದು. ಸಹಿ ಹಾಕುವ ದಿನ ಎಲ್ಲರ ಕಣ್ಣು ಗುರಿ ಎಷ್ಟು, ಕಂತು ಯಾವಾಗ ಅನ್ನುವುದರ ಮೇಲೆ. ಆಮೇಲೆ ವರದಿ ಕೊಡುವ ವಾರ ಬಂದಾಗ ಕಚೇರಿಯಿಂದ ಫೋನ್ ಮೇಲೆ ಫೋನ್. "ಒಂದೆರಡು ಒಳ್ಳೆ ಸಕ್ಸಸ್ ಸ್ಟೋರಿ ಕಳಿಸಿ ಮೇಡಂ, ಫೋಟೋ ಚೆನ್ನಾಗಿರ್ಲಿ."

ನಾನು ಮಂಡ್ಯದಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯ ಕಾರ್ಯಕ್ರಮ ಸಂಯೋಜಕಿ. ಹಳ್ಳಿ ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ ಕೊಡುತ್ತೇವೆ, ಮೈಸೂರಿನಲ್ಲಿ ಕುಡಿತ ಬಿಡಿಸುವ ಕೇಂದ್ರ ಇದೆ. ಎರಡಕ್ಕೂ ಸರ್ಕಾರದ ಹಣ, ಎರಡಕ್ಕೂ ಈ ಷರತ್ತು. ಹೊಸದಾಗಿ ಸಹಿ ಮಾಡುವ ಸಂಸ್ಥೆಯವರು ಆಗಾಗ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ನಿಯಮ ಕೇಳುವುದು ಯಾವುದು, ಒಡಂಬಡಿಕೆ ಕೇಳುವುದು ಯಾವುದು ಅಂತ. ಕೇಂದ್ರದ ಅನುದಾನ ಬಂದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಹಣ ಬಳಕೆ ಪ್ರಮಾಣ ಪತ್ರ ಕೊಡಲೇಬೇಕು, ನಾವೆಲ್ಲ ಯುಸಿ ಅನ್ನುತ್ತೇವಲ್ಲ ಅದು, 12-ಎ ನಮೂನೆಯಲ್ಲಿ. ಅದರಲ್ಲಿ ಚೌಕಾಸಿ ಇಲ್ಲ. ಆದರೆ ಯಶೋಗಾಥೆ ಹಾಗಲ್ಲ. ನಾನು ನೋಡಿದ ಕಡತಗಳಲ್ಲೆಲ್ಲ ಅದು ಒಡಂಬಡಿಕೆಯ ಒಂದು ಷರತ್ತು ಅಷ್ಟೆ, ಹಿಂದಿನ ಯೋಜನೆಯ ಕರಡಿನಿಂದ ಹಾಗೇ ಇಳಿದು ಬಂದಿರುತ್ತದೆ. ಎರಡೂ ಕಡೆಯವರು ಒಪ್ಪಿದರೆ ಅದರ ಮಾತು ಬದಲಾಯಿಸಬಹುದು. ಆದರೆ ಸಹಿಗೆ ಮುಂಚೆ ಕೇಳಬೇಕು. ಸಹಿ ಆದಮೇಲೆ ಕೇಳಿದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ, ಅದು ತಪ್ಪೂ ಅಲ್ಲ.

ನಾವು ಹೊಲಿಗೆ ಯೋಜನೆಯ ಕರಡು ಬಂದಾಗ ಆ ಒಂದು ಷರತ್ತಿಗೆ ಬದಲಿ ವಾಕ್ಯ ಬರೆದುಕೊಂಡೇ ಹೋದೆವು. "ತ್ರೈಮಾಸಿಕಕ್ಕೆ ಎರಡು ಪ್ರಕರಣ ವರದಿ. ವ್ಯಕ್ತಿಯ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ನಿಜವಾದ ಹೆಸರು ಮತ್ತು ಭಾವಚಿತ್ರ. ಒಪ್ಪಿಗೆ ಇಲ್ಲ ಎಂಬ ಕಾರಣಕ್ಕೆ ಕಂತು ತಡೆಯುವಂತಿಲ್ಲ. ಬೇರೆ ಕಡೆ ಪ್ರಕಟಿಸುವ ಮುನ್ನ ಸಂಸ್ಥೆಯ ಮೂಲಕ ವ್ಯಕ್ತಿಯನ್ನು ಕೇಳತಕ್ಕದ್ದು." ಅಧಿಕಾರಿ ಎರಡು ಸಲ ಓದಿದರು. ಕಂತಿನ ಮಾತು ಯಾಕೆ ಅಂತ ಕೇಳಿದರು. ನಮ್ಮ ಸಿಬ್ಬಂದಿಗೆ ಕಂತಿನ ಭಯ ಇದ್ದರೆ ಅವರು ಹೆಣ್ಣುಮಕ್ಕಳ ಹತ್ತಿರ ಹೋಗಿ ಕೇಳುವುದಿಲ್ಲ, ಒತ್ತಾಯ ಮಾಡುತ್ತಾರೆ, ಅದಕ್ಕೆ ಸರ್ ಅಂದೆ. ಅವರಿಗೆ ಅರ್ಥವಾಯಿತು. ವಾಕ್ಯ ಉಳಿಯಿತು. ಎಲ್ಲ ಕಚೇರಿಯಲ್ಲೂ ಇಷ್ಟು ಸುಲಭ ಆಗುತ್ತದೆ ಅಂತಲ್ಲ. ಆದರೆ ಸಿದ್ಧ ವಾಕ್ಯ ಕೈಯಲ್ಲಿ ಇಟ್ಟುಕೊಂಡು ಹೋದರೆ ಅವರಿಗೂ ಕೆಲಸ ಹಗುರ.

ಒಪ್ಪಿಗೆ ಪತ್ರವನ್ನು ತರಬೇತಿಯ ಅರ್ಜಿ ಜೊತೆ ಸೇರಿಸಬೇಡಿ. ತುಂಬಾ ಕಡೆ ಸೇರಿಸುತ್ತಾರೆ. ಸೇರುವ ದಿನ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ಇನ್ನೊಂದು ಹಾಳೆಗೆ ಸಹಿ ಅಂದರೆ ಯಾರು ತಾನೇ ಬೇಡ ಅನ್ನುತ್ತಾರೆ? ಬೇಡ ಅಂದರೆ ಸೀಟು ಹೋಗುತ್ತದೆ ಅಂದುಕೊಳ್ಳುತ್ತಾರೆ. ನಾವು ತರಬೇತಿ ಮುಗಿದು ಪ್ರಮಾಣ ಪತ್ರ ಕೈಗೆ ಕೊಟ್ಟ ಮೇಲೆ ಕೇಳುತ್ತೇವೆ. ಆಗ ಅವರಿಗೆ ನಮ್ಮಿಂದ ಆಗಬೇಕಾದ್ದು ಏನೂ ಇರುವುದಿಲ್ಲ. ಪತ್ರದಲ್ಲಿ ಹೆಸರು, ಊರು, ಫೋಟೋ, ಆದಾಯ ಬೇರೆ ಬೇರೆ ಸಾಲು. ಒಂದಕ್ಕೆ ಹೂಂ ಅಂದು ಇನ್ನೊಂದಕ್ಕೆ ಬೇಡ ಅನ್ನಬಹುದು. ಹೆಚ್ಚಿನವರು ಹಾಗೇ ಮಾಡುತ್ತಾರೆ. "ಫೋಟೋ ತಕ್ಕೊಳ್ಳಿ ಅಕ್ಕ, ಪೇಪರ್‌ಗೆ ಮಾತ್ರ ಹಾಕ್ಬೇಡಿ, ಊರಲ್ಲಿ ಏನಾರ ಅಂತಾರೆ" ಅನ್ನುವುದು ನಾನು ಜಾಸ್ತಿ ಕೇಳಿರುವ ಮಾತು.

ಇನ್ನು ಬರೆಯುವ ವಿಷಯ. ಇದರ ಬಗ್ಗೆ ನನಗೆ ತುಂಬಾ ಹೇಳುವುದಿದೆ.

ಕ್ಷೇತ್ರ ಸಿಬ್ಬಂದಿ ಬರೆದು ತರುವ ಮೊದಲ ಕರಡುಗಳು ಎಲ್ಲವೂ ಒಂದೇ ಥರ ಇರುತ್ತವೆ. ಒಪ್ಪೊತ್ತಿನ ಊಟಕ್ಕೂ ಗತಿಯಿಲ್ಲದ ಕುಟುಂಬ, ಕುಡುಕ ಗಂಡ, ಆಗ ನಮ್ಮ ಯೋಜನೆ ಬಂತು, ಈಗ ಸ್ವಾವಲಂಬಿ ಬದುಕು. ಪಾಪ, ಅವರಿಗೆ ಮಾದರಿ ಅಂತ ಸಿಕ್ಕಿರುವುದೇ ಅದು. ಅದಕ್ಕೆ ನಾನು ಒಂದು ಕ್ರಮ ಇಟ್ಟಿದ್ದೇನೆ. ಕಳಿಸುವ ಮುಂಚೆ ಆ ವ್ಯಕ್ತಿಯ ಎದುರು ಕೂತು ಪೂರ್ತಿ ಗಟ್ಟಿಯಾಗಿ ಓದಬೇಕು. ಮದ್ದೂರು ತಾಲ್ಲೂಕಿನ ಒಬ್ಬ ಹೆಣ್ಣುಮಗಳ ಮನೆ ಜಗುಲಿಯಲ್ಲಿ ಕೂತು ಓದುತ್ತಿದ್ದೆ. ಆಕೆ ಬ್ಲೌಸಿಗೆ ಹೆಮ್ಮಿಂಗ್ ಹಾಕುತ್ತಾ ಕೇಳುತ್ತಿದ್ದರು. ಊಟಕ್ಕೆ ಗತಿಯಿಲ್ಲ ಅನ್ನುವ ಸಾಲಿಗೆ ಸೂಜಿ ನಿಂತಿತು.

"ನಾವೇನು ಉಪವಾಸ ಇರ್ಲಿಲ್ಲ ಕಣಕ್ಕ. ವಿ.ಸಿ. ನಾಲೆ ನೀರಲ್ಲಿ ಭತ್ತ ಬೆಳೀತಿದ್ವಿ. ನನ್ ಕೈಲಿ ಅಂತ ದುಡ್ಡಿರ್ಲಿಲ್ಲ, ಅಷ್ಟೆ. ಮಗೀಗೆ ಒಂದು ಪೆನ್ಸಿಲ್ ಬೇಕಂದ್ರೂ ಕೇಳ್ಬೇಕಿತ್ತು."

ಆ ಮಾತನ್ನೇ ವರದಿಗೆ ಹಾಕಿದೆವು, ಗತಿಯಿಲ್ಲದ ಕುಟುಂಬ ಹೋಯಿತು. ಆ ಯೋಜನೆ ಆಕೆಗೆ ಏನು ಮಾಡಿತು ಅನ್ನುವುದು ಆ ಪೆನ್ಸಿಲ್ ಮಾತಿನಲ್ಲೇ ಇದೆ ಅಲ್ವಾ? ಊರಿನವರು ಓದಿದರೂ ಆಕೆ ತಲೆ ತಗ್ಗಿಸಬೇಕಿಲ್ಲ.

ಆದಾಯದ ಅಂಕಿಯೂ ಹೀಗೇ. ಇದು ಜಾಸ್ತಿ ಕಷ್ಟ. ಕರಡಿನಲ್ಲಿ "ತಿಂಗಳಿಗೆ 12,000 ರೂಪಾಯಿ ದುಡಿಯುತ್ತಾರೆ" ಅಂತಿತ್ತು. ಯಾವ ತಿಂಗಳು ಅಂತ ಕೇಳಿದೆ. ಆಕೆ ಲೆಕ್ಕದ ಪುಸ್ತಕ ತಂದರು, ಮಕ್ಕಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟಗಳು. ಲೈನಿಂಗ್ ಬ್ಲೌಸ್, ಫಾಲ್ಸ್, ಸೀರೆ ಕುಚ್ಚು ಅಂತ ಒಂದೊಂದು ಸಾಲು. 12,000 ಬಂದಿದ್ದು ಮೇ ತಿಂಗಳಲ್ಲಿ, ಮದುವೆ ಸೀಸನ್. ಅದರಲ್ಲೂ ಲೈನಿಂಗ್ ಬಟ್ಟೆ, ದಾರ, ಕುಚ್ಚಿನ ರೇಷ್ಮೆ, ಮಿಷನ್ ಸಾಲದ ಕಂತು ಕಳೆದರೆ ಕೈಯಲ್ಲಿ ನಿಂತಿದ್ದು 7,000ದ ಹತ್ತಿರ. ಆಷಾಢದ ಪುಟ ತೆಗೆದರೆ ಅರ್ಧ ಖಾಲಿ. ಆಷಾಢದಲ್ಲಿ ಮದುವೆ ಎಲ್ಲಿಂದ ಬರಬೇಕು? ಧನುರ್ಮಾಸದಲ್ಲೂ ಅದೇ ಕಥೆ.

ಸರ್ಕಾರದ ಮೊದಲ ತ್ರೈಮಾಸಿಕ ಏಪ್ರಿಲ್‌ನಿಂದ ಜೂನ್. ಬೇಸಿಗೆಯ ಮದುವೆ ಸೀಸನ್ ಹೆಚ್ಚುಕಮ್ಮಿ ಅದರೊಳಗೇ ಬೀಳುತ್ತದೆ. ಜುಲೈಯಿಂದ ಸೆಪ್ಟೆಂಬರ್ ತ್ರೈಮಾಸಿಕಕ್ಕೆ ಆಷಾಢ ಬೀಳುತ್ತದೆ, ಜೊತೆಗೆ ಶ್ರಾವಣ, ಗೌರಿ ಹಬ್ಬ. ಹಾಗಾಗಿ ಯಾವುದೋ ಒಂದು ತಿಂಗಳ ಅಂಕಿ ಹಿಡಿದರೆ ಯೋಜನೆ ಅದ್ಭುತವಾಗಿಯೂ ಕಾಣುತ್ತದೆ, ಸೋತ ಹಾಗೂ ಕಾಣುತ್ತದೆ. ಈಗ ನಾವು ಎರಡು ಅಂಕಿ ಕೊಡುತ್ತೇವೆ, ಸೀಸನ್ನಿನ ತಿಂಗಳು ಒಂದು, ಸೀಸನ್ ಇಲ್ಲದ ತಿಂಗಳು ಒಂದು. ಖರ್ಚು ಕಳೆದು. ಪಕ್ಕದಲ್ಲಿ ಯಾವ ತಿಂಗಳು ಅಂತ ಬರೆದು. ಲೆಕ್ಕದ ಪುಟದ ಫೋಟೋ ನಮ್ಮ ಕಡತದಲ್ಲಿ ಇರುತ್ತದೆ, ತಪಾಸಣೆಗೆ ಬಂದವರು ಕೇಳಿದರೆ ತೋರಿಸಲು. ಇದರಿಂದ ಯಶೋಗಾಥೆಯ ಹೊಳಪು ಸ್ವಲ್ಪ ಕಮ್ಮಿಯಾಗುತ್ತದೆ ನಿಜ. ಆದರೆ ಮುಂದಿನ ತಂಡಕ್ಕೆ ತರಬೇತಿ ಸೇರುವವರು ಅದನ್ನು ನಂಬಿ ಸಾಲ ಮಾಡಿ ಮಿಷನ್ ತರುತ್ತಾರೆ. ಅವರಿಗೆ ಆಷಾಢದ ವಿಷಯ ಗೊತ್ತಿರಬೇಕು.

ಮೈಸೂರಿನ ಕೇಂದ್ರದಲ್ಲಿ ಮಾತ್ರ ನಾವು ಪೂರ್ತಿ ಬಿಗಿ. ಹೆಸರಿಲ್ಲ, ಫೋಟೋ ಇಲ್ಲ, ಊರೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕುಡಿತ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರುತ್ತವೆ. 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಡುತ್ತದೆ, 24ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯಲ್ಲಿ ಇರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವ ಹಾಗಿಲ್ಲ. ಎಚ್‌ಐವಿ ಇರುವವರ ವಿಷಯಕ್ಕೂ 2017ರದ್ದೇ ಪ್ರತ್ಯೇಕ ಕಾಯ್ದೆ ಇದೆ. ಮಕ್ಕಳ ಕೆಲಸ ಮಾಡುವವರು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಓದಲೇಬೇಕು. ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವುದೇ ವಿವರ ಹೊರಗೆ ಹಾಕಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕಚೇರಿಯಿಂದ ಫೋಟೋ ಕೇಳಿದಾಗ ಈ ಸೆಕ್ಷನ್ ನಂಬರನ್ನೇ ಪತ್ರದಲ್ಲಿ ಬರೆದು ಉತ್ತರ ಕೊಡಿ. ಬಾಯಿಮಾತಲ್ಲಿ ಬೇಡ ಅಂದರೆ ಅಸಹಕಾರ ಅನ್ನಿಸುತ್ತದೆ, ಪತ್ರ ಕೊಟ್ಟರೆ ಅವರ ಕಡತಕ್ಕೂ ಒಂದು ಆಧಾರ ಸಿಗುತ್ತದೆ.

ಕುಡಿತ ಬಿಟ್ಟವರ ವಿಷಯದಲ್ಲಿ ಇನ್ನೊಂದು ಮಾತಿದೆ. ಕೇಂದ್ರದಿಂದ ಮನೆಗೆ ಹೋದ ವಾರವೇ ಯಶಸ್ಸು ಅಂತ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಅಚ್ಚಾದ ಕಥೆಯ ವ್ಯಕ್ತಿ ಮತ್ತೆ ಕುಡಿದರೆ ವಾಪಸ್ ನಮ್ಮ ಬಾಗಿಲಿಗೆ ಬರಲು ನಾಚಿಕೆ ಪಡುತ್ತಾರೆ, ಅದು ನಮಗೆ ಬೇಡ. ಅದಕ್ಕೆ ಆರು ತಿಂಗಳು ಫಾಲೋ ಅಪ್ ಆದಮೇಲೆ ಮಾತ್ರ ಬರೆಯುತ್ತೇವೆ, ನಡುವೆ ಜಾರಿದ್ದರೆ ಅದನ್ನೂ ಬರೆಯುತ್ತೇವೆ.

ಆರು ತಿಂಗಳಾದಮೇಲೆ ಹೋಗಿ ನೋಡಲು ಹಣ ಬೇಕು. ಹುಣಸೂರು, ಎಚ್.ಡಿ.ಕೋಟೆ ಕಡೆ ಹಳ್ಳಿಗಳಿಗೆ ಸಿಬ್ಬಂದಿ ಬಸ್ಸಿನಲ್ಲಿ ಹೋಗಿ ಬರಲು ಒಂದು ದಿನ ಪೂರ್ತಿ ಹಿಡಿಯುತ್ತದೆ. ಒಡಂಬಡಿಕೆ ಯಶೋಗಾಥೆ ಕೇಳುತ್ತದೆ, ಆಯವ್ಯಯದಲ್ಲಿ ಅದಕ್ಕೆ ಒಂದು ರೂಪಾಯಿ ಇರುವುದಿಲ್ಲ. ಈ ಸಲ ನವೀಕರಣದ ಪ್ರಸ್ತಾವನೆಯಲ್ಲಿ "ತರಬೇತಿ ಮತ್ತು ಚಿಕಿತ್ಸೆ ನಂತರದ ಭೇಟಿಗಳ ಪ್ರಯಾಣ ವೆಚ್ಚ" ಅಂತ ಬೇರೆಯೇ ಸಾಲು ಹಾಕಿ ಕಳಿಸಿದ್ದೇವೆ. ನೀವೂ ಹೊಸದಾಗಿ ಸಹಿ ಮಾಡುವವರಿದ್ದರೆ ಕರಡು ಹಂತದಲ್ಲೇ ಆ ಸಾಲು ಕೇಳಿ. ಎರಡು ಮೂರು ಸಂಸ್ಥೆಗಳು ಒಂದೇ ಮಾತು ಕೇಳಿದರೆ ಕಚೇರಿಯವರಿಗೂ ಮೇಲಕ್ಕೆ ಬರೆಯಲು ಸುಲಭ.