ಹಿಟ್ ಪಾಯಿಂಟ್ ಲೆಕ್ಕ: ನಮ್ಮ ಟೇಬಲ್‌ನಲ್ಲಿ ನಾನು ಮಾಡುವ ರೀತಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ದಾಳ ಎಸೆದು ಆಡುವ ಆಟಕ್ಕೆ ಹೊಸಬರು ಬಂದರೆ ಅವರ ಗಮನವೆಲ್ಲ ಕತ್ತಿ, ಮಂತ್ರ, ಪಾತ್ರದ ಹಿಂದಿನ ಕಥೆಯ ಮೇಲೇ ಇರುತ್ತದೆ. ಹಿಟ್ ಪಾಯಿಂಟ್ (ಪಾತ್ರ ಬೀಳುವ ಮುಂಚೆ ಎಷ್ಟು ಏಟು ತಡೆಯುತ್ತದೆ ಅನ್ನೋ ಸಂಖ್ಯೆ) ಎಷ್ಟಪ್ಪಾ ಅಂತ ಕೇಳಿದರೆ "ಅದೆಲ್ಲಾ ನೀನೇ ಬರ್ಕೋ ಗುರು" ಅಂತ ಪಾತ್ರದ ವಿವರದ ಶೀಟನ್ನು ಡಿಎಂ, ಅಂದರೆ ಆಟ ನಡೆಸುವವನ ಕಡೆ ತಳ್ಳುತ್ತಾರೆ. ನಮ್ಮ ಟೇಬಲ್‌ಗೆ ಡಿಎಂ ನಾನೇ. ಹೀಗೆ ಎಲ್ಲರ ಲೆಕ್ಕವನ್ನೂ ಹಾಕಿ ಹಾಕಿ ನನ್ನದೇ ಒಂದು ಪದ್ಧತಿ ಆಗಿಬಿಟ್ಟಿದೆ. ನಾವು ಆಡುವುದು ಐದನೇ ಆವೃತ್ತಿ, 2014ರ ನಿಯಮ. 2024ರಲ್ಲಿ ಹೊಸ ಪುಸ್ತಕ ಬಂದರೂ ಈ ಮೂಲ ಲೆಕ್ಕ ಹಾಗೇ ಇದೆ.

ಪ್ರತಿ ಕ್ಲಾಸ್‌ಗೂ (ಪಾತ್ರದ ಕಸುಬು) ಒಂದು ದಾಳ ಇದೆ, ಅದೇ ಹಿಟ್ ಡೈ. ವಿಜರ್ಡ್, ಸಾರ್ಸರರ್‌ಗೆ 6 ಮುಖದ್ದು. ಫೈಟರ್, ಪ್ಯಾಲಡಿನ್, ರೇಂಜರ್‌ಗೆ 10. ಬಾರ್ಬೇರಿಯನ್‌ಗೆ 12. ಉಳಿದವರಿಗೆಲ್ಲ 8. ಮೊದಲ ಲೆವೆಲ್‌ನಲ್ಲಿ ದಾಳ ಎಸೆಯುವಂತಿಲ್ಲ, ಅದರ ದೊಡ್ಡ ಸಂಖ್ಯೆಯನ್ನೇ ಪೂರ್ತಿ ತೆಗೆದುಕೊಂಡು ಕಾನ್‌ಸ್ಟಿಟ್ಯೂಷನ್ (ಪಾತ್ರದ ದೇಹದ ಗಟ್ಟಿತನದ ಅಂಕ, ಚಿಕ್ಕದಾಗಿ ಕಾನ್) ಮಾಡಿಫೈಯರ್ ಸೇರಿಸಬೇಕು. ಕಾನ್‌ನಿಂದ 10 ಕಳೆದು ಅರ್ಧ ಮಾಡಿದರೆ ಮಾಡಿಫೈಯರ್ ಸಿಗುತ್ತದೆ, ಅರ್ಧಂಬರ್ಧ ಬಂದರೆ ಕೆಳಗಿನದು. ಅಂದರೆ ಕಾನ್ 12 ಇರಲಿ, 13 ಇರಲಿ, ಸಿಗುವುದು 1 ಮಾತ್ರ.

ವಿಜರ್ಡ್ ಮಾಡುವವರಿಗೆ ನಾನು ಮೊದಲು ಹೇಳುವುದೇ ಕಾನ್ ವಿಷಯ. ಕಾನ್ 12 ಇಟ್ಟ ವಿಜರ್ಡ್ 7 ಹಿಟ್ ಪಾಯಿಂಟ್‌ನಿಂದ ಶುರು ಮಾಡುತ್ತಾನೆ. ಕಾನ್ 14 ಆದರೆ 8. ಒಂದೇ ಒಂದು ಜಾಸ್ತಿ, ಅದರಲ್ಲೇನಿದೆ ಅನ್ನಿಸುತ್ತೆ ಅಲ್ವಾ? ಗಾಬ್ಲಿನ್ ಅನ್ನೋ ಚಿಕ್ಕ ರಾಕ್ಷಸನ ಕತ್ತಿಯ ಏಟು ಒಂದು 6 ಮುಖದ ದಾಳ, ಮೇಲೆ 2. ಕ್ರಿಟಿಕಲ್ (ಅಪರೂಪದ ಜೋರು ಏಟು) ಬಿದ್ದರೆ ಎರಡು ದಾಳ, ಹಾಗಾಗಿ ಜಾಸ್ತಿ ಅಂದರೆ 14. ಇನ್ನೊಂದು ನಿಯಮ ಇದೆ: ಸೊನ್ನೆಗೆ ಬಿದ್ದ ಮೇಲೂ ಉಳಿದ ಏಟು ನಿಮ್ಮ ಪೂರ್ತಿ ಹಿಟ್ ಪಾಯಿಂಟ್‌ನಷ್ಟಿದ್ದರೆ ಡೆತ್ ಸೇವ್ (ಸಾವಿನಿಂದ ಪಾರಾಗಲು ಎಸೆಯುವ ದಾಳ) ಗೀವ್ ಏನೂ ಇಲ್ಲ, ಪಾತ್ರ ಅಲ್ಲೇ ಸತ್ತ ಹಾಗೆ. 14ರಲ್ಲಿ 7 ಹೋದರೆ ಉಳಿಯುವುದು 7. ಅಂದರೆ ಪೂರ್ತಿ ಗಟ್ಟಿಮುಟ್ಟಾಗಿದ್ದ 7ರ ವಿಜರ್ಡ್‌ನನ್ನು ಒಂದು ಸಾಧಾರಣ ಗಾಬ್ಲಿನ್ ಒಂದೇ ಏಟಿಗೆ ಮುಗಿಸಬಹುದು, 8 ಇರುವವನನ್ನು ಮುಗಿಸಲು ಅದಕ್ಕೆ ಆಗುವುದಿಲ್ಲ. ಇದು ಅಪರೂಪ, ನಿಜ. ಆದರೂ ಈ ಲೆಕ್ಕ ತೋರಿಸಿದ ಮೇಲೆ ಯಾರೂ ಕಾನ್‌ಗೆ 8 ಇಡುವುದಿಲ್ಲ.

ಎರಡನೇ ಲೆವೆಲ್‌ನಿಂದ ಜಗಳ ಶುರು. ದಾಳ ಎಸೆಯಬಹುದು, ಇಲ್ಲವೇ ಪುಸ್ತಕ ಕೊಟ್ಟ ಸಂಖ್ಯೆ ತೆಗೆದುಕೊಳ್ಳಬಹುದು: 6ರ ದಾಳಕ್ಕೆ 4, 8ಕ್ಕೆ 5, 10ಕ್ಕೆ 6, 12ಕ್ಕೆ 7. ಯಾವುದಾದರೂ ಮಾಡಿಫೈಯರ್ ಸೇರಿಸಲೇಬೇಕು. 10 ಮುಖದ ದಾಳದ ಸರಾಸರಿ 5.5, ಪುಸ್ತಕ ಕೊಡುವುದು 6. ಅಂದರೆ ಎಸೆಯದೇ ಇರುವವನಿಗೇ ಅರ್ಧ ಪಾಯಿಂಟ್ ಲಾಭ. ಹೀಗಿದ್ದರೂ ಎಸೆಯುವ ಮಜಾ ಬಿಡಲು ಕೆಲವರಿಗೆ ಮನಸ್ಸಾಗುವುದಿಲ್ಲ. ನಮ್ಮ ಗುಂಪಿನ ಒಬ್ಬ ಗೆಳೆಯನ ಫೈಟರ್‌ಗೆ ಕಾನ್ 14. ಸುಮ್ನೆ ಪುಸ್ತಕದ ಸಂಖ್ಯೆ ತೆಗೆದುಕೊಂಡಿದ್ದರೆ ಐದನೇ ಲೆವೆಲ್‌ಗೆ 44 ಆಗುತ್ತಿತ್ತು. ಅವನು ಎಸೆದ, 1, 2, 3, 2 ಬಿತ್ತು, ಒಟ್ಟು 28ಕ್ಕೆ ನಿಂತ. ಹಿಂದೆ ನಿಂತು ಮಂತ್ರ ಹೇಳುವ ವಿಜರ್ಡ್ ಹತ್ತಿರ 27 ಇತ್ತು! ಒಂದು ಓಗರ್ (ದೊಡ್ಡ ರಾಕ್ಷಸ) ಸರಾಸರಿ 13ರ ಏಟು ಕೊಡುತ್ತದೆ. ಮುಂದೆ ನಿಂತು ಎಲ್ಲರನ್ನೂ ಕಾಯಬೇಕಾದವನೇ ಮೂರನೇ ಏಟಿಗೆ ಮಲಗಿದರೆ ಅವನಿಗೂ ಬೇಜಾರು, ಟೇಬಲ್‌ಗೂ ಬೇಜಾರು. ಅದೂ ಆ ಒಂದು ದಿನಕ್ಕಲ್ಲ, ಕ್ಯಾಂಪೇನ್, ಅಂದರೆ ವಾರಗಟ್ಟಲೆ ನಡೆಯುವ ಪೂರ್ತಿ ಕಥೆ, ಮುಗಿಯುವವರೆಗೂ. ಕತ್ತಿಯ ಏಟು ತಪ್ಪಿದರೆ ಮುಂದಿನ ಸುತ್ತಿನಲ್ಲಿ ಮತ್ತೆ ಎಸೆಯಬಹುದು. ಇದನ್ನು ಎಸೆಯುವುದು ಲೆವೆಲ್‌ಗೆ ಒಂದೇ ಸಲ.

ಅದಕ್ಕೇ ಈಗ ನಮ್ಮಲ್ಲಿ ಪುಸ್ತಕದ ಸಂಖ್ಯೆಯೇ ಕಾಯಂ. ಎಸೆಯಲೇಬೇಕು ಅಂತ ಹಟ ಹಿಡಿದವರಿಗೆ ಒಂದು ದಾರಿ ಇಟ್ಟಿದ್ದೇನೆ: 1 ಬಿದ್ದರೆ ಬೇರೆ ಏನಾದರೂ ಬೀಳುವವರೆಗೆ ಮತ್ತೆ ಎಸೆಯಿರಿ. ತಮಾಷೆ ಏನೆಂದರೆ 2ರಿಂದ 10ರವರೆಗಿನ ಸರಾಸರಿ ಸರಿಯಾಗಿ 6. 2ರಿಂದ 6ರದ್ದು 4. 8, 12ರ ದಾಳಕ್ಕೂ ಹೀಗೇ ಪುಸ್ತಕದ ಸಂಖ್ಯೆಯೇ ಬರುತ್ತದೆ. ಯಾರಿಗೂ ಅನ್ಯಾಯ ಇಲ್ಲ, ಏರುಪೇರು ಮಾತ್ರ ಅವರ ಹಣೆಬರಹ.

ಶೀಟ್‌ನಲ್ಲಿ ನಾನು ಒಟ್ಟು ಸಂಖ್ಯೆಯೊಂದನ್ನೇ ಬರೆಯುವುದಿಲ್ಲ. ದಾಳದಿಂದ ಬಂದದ್ದು ಒಂದು ಸಾಲು, ಕಾನ್ ಮಾಡಿಫೈಯರ್ ಗುಣಿಸು ಲೆವೆಲ್ ಇನ್ನೊಂದು ಸಾಲು. ಆ ಫೈಟರ್‌ಗೇ ಪುಸ್ತಕದ ಲೆಕ್ಕ ಹಾಕಿದರೆ ಮೇಲಿನ ಸಾಲು 10 ಮತ್ತು ನಾಲ್ಕು ಸಲ 6, ಅಂದರೆ 34. ಕೆಳಗಿನದು 2 ಗುಣಿಸು 5, ಅಂದರೆ 10. ಹೀಗೆ ಯಾಕೆ ಅಂದರೆ, ಮುಂದೆ ಎಂಟನೇ ಲೆವೆಲ್‌ನಲ್ಲಿ ಅವನು ಕಾನ್ 16ಕ್ಕೆ ಏರಿಸಿದರೆ ಆ ಲೆವೆಲ್‌ಗೆ ಮಾತ್ರ ಒಂದು ಜಾಸ್ತಿ ಅಲ್ಲ, ಹಿಂದಿನ ಎಲ್ಲ ಲೆವೆಲ್‌ಗೂ ಒಂದೊಂದು ಸೇರಿ ಒಟ್ಟು 8 ಬರುತ್ತದೆ. ಬಹಳ ಜನ ಮರೆಯುವುದು ಇದನ್ನೇ. ಸಾಲು ಬೇರೆ ಬೇರೆ ಇದ್ದರೆ ಕೆಳಗಿನದನ್ನು ಅಳಿಸಿ 24 ಅಂತ ಬರೆದರೆ ಮುಗಿಯಿತು. ಟಫ್ ಅನ್ನೋ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಗುಣ) ತೆಗೆದುಕೊಂಡರೂ ಹಾಗೇ, ಲೆವೆಲ್‌ಗೆ 2ರಂತೆ ಮೂರನೇ ಸಾಲು.

ಆಟದ ಮಧ್ಯೆ ನಾನು ಕಳೆಯುವುದಿಲ್ಲ, ಕೂಡುತ್ತೇನೆ. ತಿಂದ ಏಟುಗಳನ್ನು ಸೊನ್ನೆಯಿಂದ ಮೇಲಕ್ಕೆ ಕೂಡುತ್ತಾ ಹೋಗಿ ಒಟ್ಟು ಮುಟ್ಟಿದಾಗ ಬಿದ್ದ ಅಂತ ಲೆಕ್ಕ. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ 44ರಿಂದ 17 ಕಳೆಯುವುದಕ್ಕಿಂತ ಇದು ಎಷ್ಟೋ ಸುಲಭ. ರಾಕ್ಷಸರಿಗೂ ಹೀಗೇ ಮಾಡುತ್ತೇನೆ.

ಟೆಂಪರರಿ ಹಿಟ್ ಪಾಯಿಂಟ್ ಮಾತ್ರ ಇದಕ್ಕೆ ಬೆರೆಸಬೇಡಿ. ಅದಕ್ಕೆ ಬೇರೆ ಚೌಕ ಇರಲಿ. ಏಟು ಮೊದಲು ಅಲ್ಲಿಂದ ಹೋಗುತ್ತದೆ, ಮಿಕ್ಕಿದ್ದು ಮಾತ್ರ ಇಲ್ಲಿಗೆ ಬರುತ್ತದೆ. ಎರಡು ಕಡೆಯಿಂದ ಸಿಕ್ಕರೆ ಕೂಡುವ ಹಾಗಿಲ್ಲ, ಯಾವುದಾದರೂ ಒಂದನ್ನು ಇಟ್ಟುಕೊಳ್ಳಬೇಕು. ಇದರ ಮೇಲೆ ನಮ್ಮ ಟೇಬಲ್‌ನಲ್ಲಿ ವಾದ ಇನ್ನೂ ನಡೆಯುತ್ತಲೇ ಇದೆ, ನಾನಂತೂ ಪುಸ್ತಕದ ಕಡೆ.